ಗುಬ್ಬಿ ಯಾಕೆ ಬೀಳಬೇಕು

ಟೀವಿಯಲ್ಲಿ ವಾರಕ್ಕೊಮ್ಮೆ ಬರುವ ಒಂದು ಕಾರ್ಟೂನ್ ಹಾಸ್ಯ ಧಾರಾವಾಹಿಗೆ ನಾನು ಸಂಭಾಷಣೆ ಬರೆಯುತ್ತೇನೆ. ಹೀಗೆಂದರೆ ಯಾದವಗಿರಿಯ ನಮ್ಮ ಬೀದಿಯಲ್ಲಿ ಹೆಚ್ಚಿನವರು "ಮಕ್ಕಳಿಗೆ ಬರೀತೀರಾ, ಒಳ್ಳೇದು" ಎಂದು ಸುಮ್ಮನಾಗುತ್ತಾರೆ. ಮಕ್ಕಳೂ ನೋಡುತ್ತಾರೆ, ನಿಜ. ಆದರೆ ಅದು ಮಕ್ಕಳ ಕಥೆಯಲ್ಲ. ಒಂದು ಹಳೆಯ ವಠಾರ, ಅದರ ಅಂಗಳದಲ್ಲೊಂದು ದೊಡ್ಡ ಮರ. ಅಲ್ಲಿರುವವೆಲ್ಲ ಪ್ರಾಣಿ ಪಕ್ಷಿಗಳು. ಮಾತು, ಜಗಳ, ಜಂಬ ಮಾತ್ರ ನಮ್ಮದು. ಕತ್ತೆ ಆ ವಾರ್ಡಿನ ಕಾರ್ಪೊರೇಟರ್. ಕೋಣ ದಿನಸಿ ಅಂಗಡಿ ಸಾಹುಕಾರ. ಮರದ ತೀರಾ ಮೇಲಿನ ಕೊಂಬೆಯಲ್ಲಿ, ಯಾರೂ ತನ್ನನ್ನು ಮುಟ್ಟಬಾರದೆಂದು ಮಡಿಯುಟ್ಟು ಕೂತಿರುವ ಮುದುಕಿ ಕಾಗೆ. ನೋಡುವವರು ಅವಳನ್ನು ಕಾಗಜ್ಜಿ ಎಂದು ಕರೆಯತೊಡಗಿದರು, ಕೊನೆಗೆ ನಾವೂ ಹಾಗೇ ಕರೆದೆವು.

ಇದನ್ನು ಮಾಡುವ ಸ್ಟುಡಿಯೋ ಬನ್ನಿಮಂಟಪದ ಒಂದು ಕಟ್ಟಡದ ಮಹಡಿಯಲ್ಲಿದೆ. ಕೆಳಗೆ ಟೈರ್ ಅಂಗಡಿ, ಮೇಲೆ ನಾವು. ಅದರ ಮಾಲೀಕರೇ ನಿರ್ದೇಶಕರು. ತಲೆಮಾರುಗಳಿಂದ ಅಕ್ಕಿ ಬೇಳೆ ವ್ಯಾಪಾರ ಮಾಡಿಕೊಂಡು ಬಂದ ಶೈವ ಮನೆತನದವರು. ಅಂಗಡಿಯನ್ನು ಅಣ್ಣಂದಿರಿಗೆ ಬಿಟ್ಟು, ಗೊಂಬೆ ಕುಣಿಸುತ್ತೇನೆಂದು ಹೊರಟವರು. ಈಗಲೂ ಹಣೆಗೆ ವಿಭೂತಿ ಇಡದೆ ಕಂಪ್ಯೂಟರಿನ ಮುಂದೆ ಕೂರುವುದಿಲ್ಲ. ಕೋಣ ಸಾಹುಕಾರ ಅವರ ತಂದೆ. ಅದನ್ನು ಅವರು ಯಾರಿಂದಲೂ ಮುಚ್ಚಿಟ್ಟಿಲ್ಲ. ತಂದೆ ಪ್ರತಿ ವಾರ ನೋಡುತ್ತಾರೆ. ಅವರ ತಕರಾರು ಒಂದೇ, ಕೋಣ ತಕ್ಕಡಿ ಹಿಡಿಯುವ ರೀತಿ ಸರಿಯಿಲ್ಲ, ಹಾಗೆ ಹಿಡಿದರೆ ಗಿರಾಕಿಗೆ ಅನುಮಾನ ಬರುತ್ತದೆ ಎಂದು.

ನನಗೆ ಅಷ್ಟು ಧೈರ್ಯವಿರಲಿಲ್ಲ. ಕಾಗಜ್ಜಿ ನನ್ನ ಸೋದರತ್ತೆ. ಅದನ್ನು ನಾನು ನಿರ್ದೇಶಕರಿಗೊಬ್ಬರಿಗೇ ಹೇಳಿದ್ದೆ.

ಅತ್ತೆ ನನ್ನ ತಂದೆಯ ಅಕ್ಕ. ಮದುವೆಯಾಗಲಿಲ್ಲ. ಹೈಸ್ಕೂಲಿನಲ್ಲಿ ಗಣಿತ ಕಲಿಸಿ, ಹೆಡ್‌ಮಿಸ್ಟ್ರೆಸ್ ಆಗಿ ನಿವೃತ್ತರಾಗಿ, ಬಹಳ ವರ್ಷಗಳಿಂದ ನನ್ನ ಜೊತೆ, ನನ್ನ ಯಜಮಾನರ ಜೊತೆ ಈ ಮನೆಯಲ್ಲಿದ್ದಾರೆ. ಬೆಳಿಗ್ಗೆ ಮಡಿ, ಆಮೇಲೆ ಸುಡೋಕು. ಅವರ ಎರಡು ನಿಷ್ಠೆಗಳ ನಡುವೆ ಎಂದೂ ಜಗಳ ಬಂದದ್ದನ್ನು ನಾನು ನೋಡಿಲ್ಲ. ಕೋಲಿನಲ್ಲಿ ಎತ್ತಿ ಒಣಹಾಕಿದ ಸೀರೆಯನ್ನು ಕೋಲಿನಲ್ಲೇ ಇಳಿಸಿಕೊಂಡು ಉಡುತ್ತಾರೆ. ನೀರು ಹಿಡಿಯುವ ಮೊದಲು ನಲ್ಲಿಯನ್ನು ಹುಣಸೆಹಣ್ಣಿನಿಂದ ಉಜ್ಜಿ, ಅದೇ ನಲ್ಲಿಯ ನೀರಿನಿಂದ ಅದನ್ನು ತೊಳೆಯುತ್ತಾರೆ. ಚಿಕ್ಕವಳಿದ್ದಾಗ ನಾನು ಕೇಳಿದ್ದೆ, "ಮೈಲಿಗೆ ನಲ್ಲಿಯಿಂದ ಬಂದ ನೀರು ಮಡಿ ಹೇಗಾಗತ್ತೆ ಅತ್ತೆ?" ಅವರು ಸ್ವಲ್ಪ ಯೋಚಿಸಿ, "ಮೈನಸ್ಸೂ ಮೈನಸ್ಸೂ ಪ್ಲಸ್ಸು" ಎಂದಿದ್ದರು.

ಕಾಗಜ್ಜಿ ಹುಟ್ಟಿದ್ದು ಕೊರೋನ ಕಾಲದಲ್ಲಿ. ಬೀದಿಯವರೆಲ್ಲ ಗೇಟಿನ ಬಳಿ ನಿಂತು ಹಾಲಿನ ಪ್ಯಾಕೆಟ್ಟನ್ನೂ ಸೊಪ್ಪನ್ನೂ ತೊಳೆಯುತ್ತಿದ್ದರು. ಒಬ್ಬರನ್ನು ಕಂಡು ಒಬ್ಬರು ಹಿಂದೆ ಸರಿಯುತ್ತಿದ್ದರು. ಅತ್ತೆ ಕಿಟಕಿಯಲ್ಲಿ ನಿಂತು ಬಹಳ ಹೊತ್ತು ಇದನ್ನೆಲ್ಲ ನೋಡಿ, "ಇಷ್ಟು ವರ್ಷ ನನ್ನ ನೋಡಿ ನಗ್ತಿದ್ರಿ. ಈಗ ನೋಡೇ, ಊರಿಗೂರೇ ಮಡಿ ಉಟ್ಕೊಂಡಿದೆ" ಎಂದರು. ಅವರ ಮುಖದಲ್ಲಿ ಗೆದ್ದ ಕಳೆಯಿತ್ತು. ಆ ಕಳೆಯನ್ನೇ ನಾನು ಕಾಗೆಗೆ ಕೊಟ್ಟೆ.

ಅತ್ತೆ ಟೀವಿ ನೋಡುವುದಿಲ್ಲ ಎಂಬುದೇ ನನ್ನ ಧೈರ್ಯ. ಸಂಜೆ ಧಾರಾವಾಹಿ ಬರುವ ಹೊತ್ತಿಗೆ ಅವರು ತಮ್ಮ ಕೋಣೆಯಲ್ಲಿ ಸ್ತೋತ್ರ ಹೇಳಿಕೊಳ್ಳುತ್ತಿರುತ್ತಾರೆ. ನಾನು ದನಿ ತಗ್ಗಿಸಿ, ಬಾಗಿಲು ಮುಚ್ಚಿ ನೋಡುತ್ತಿದ್ದೆ.

ಕಾಗಜ್ಜಿಗೆ ದನಿ ಕೊಡುವವರು ಒಬ್ಬ ನಾಟಕದ ಕಲಾವಿದರು, ಗಂಡಸು. ಹಿನಕಲ್ ಇನ್ನೂ ಹಳ್ಳಿಯಾಗಿದ್ದಾಗ ಅಲ್ಲಿ ಹುಟ್ಟಿದವರು, ಈಗಲೂ ಅಲ್ಲೇ ಇದ್ದಾರೆ. ಮಾತಿನಲ್ಲಿ ಹಕಾರ ನಿಲ್ಲುವುದಿಲ್ಲ; 'ಹೆಂಗೆ' ಎನ್ನುವುದು 'ಎಂಗೆ' ಆಗುತ್ತದೆ. ಆದರೆ ಮೈಕಿನ ಮುಂದೆ ಕಣ್ಣು ಮುಚ್ಚಿ ಕಾಗಜ್ಜಿಯಾದರೆಂದರೆ ನಮ್ಮ ಅಗ್ರಹಾರದ ಮುದುಕಿಯರೆಲ್ಲ ಆ ಗಂಟಲಲ್ಲಿ ಬಂದು ಕೂರುತ್ತಾರೆ. ಅದೇ ಧಾರಾವಾಹಿಯಲ್ಲಿ ಗುಬ್ಬಿಯೂ ಅವರೇ. ಗುಬ್ಬಿ ಮನೆಮನೆಗೆ ಪಾರ್ಸೆಲ್ ತಲುಪಿಸುವ ಹುಡುಗ, ಮಾತು ಥೇಟು ಹಿನಕಲ್ಲಿನದು. ನಾಟಕದಲ್ಲಿ ವರ್ಷಕ್ಕೆ ನಾಲ್ಕು ಬಾರಿ ಬಣ್ಣ ಹಚ್ಚುತ್ತಿದ್ದ ಅವರಿಗೆ ಈ ಎರಡು ಹಕ್ಕಿಗಳಿಂದ ಮೊದಲ ಬಾರಿಗೆ ಪ್ರತಿ ವಾರದ ಕೆಲಸ ಸಿಕ್ಕಿತ್ತು.

ತೊಂದರೆ ಬಂದ ಕಂತು ಹೀಗಿತ್ತು. ಕಾಗಜ್ಜಿ ಮಡಿಬಟ್ಟೆ ಎತ್ತುವ ಕೋಲನ್ನು ಆನ್‌ಲೈನಿನಲ್ಲಿ ತರಿಸುತ್ತಾಳೆ. ಗುಬ್ಬಿ ಪಾರ್ಸೆಲ್ ಹೊತ್ತು ಬರುತ್ತದೆ. ಅವಳು ಅಲ್ಲೇ ನಿಲ್ಲು ಎಂದು ತಡೆದು ಕೇಳುತ್ತಾಳೆ, "ಯಾವ ಮರದವನಪ್ಪಾ ನೀನು?"

"ಮರ ಇಲ್ಲ ಅಜ್ಜಿ, ಬಾಡ್ಗೆ ಗೂಡು."

"ಹಾಗಲ್ಲ, ಹುಟ್ಟಿದ ಮರ ಯಾವುದು?"

ಪಾರ್ಸೆಲ್ಲನ್ನು ಶುದ್ಧಮಾಡಲು ಕಾಗಜ್ಜಿ ಮೇಲಿಂದ ಒಂದು ಚೊಂಬು ನೀರು ಹುಯ್ಯುತ್ತಾಳೆ. ಗುಬ್ಬಿ ತೊಯ್ದು, ಕಾಲು ಜಾರಿ, ತಲೆಕೆಳಗಾಗಿ ಚರಂಡಿಗೆ ಬೀಳುತ್ತದೆ. ವಠಾರವೆಲ್ಲ ನಗುತ್ತದೆ. ಸ್ಟುಡಿಯೋದಲ್ಲಿ ನಾವೂ ನಕ್ಕಿದ್ದೆವು.

ಪ್ರಸಾರವಾದ ಕೆಲವೇ ದಿನಗಳಲ್ಲಿ ನಮ್ಮದೇ ಸಮುದಾಯದ ಒಂದು ಸಂಘದಿಂದ ಚಾನೆಲ್ಲಿಗೆ ದೂರು ಹೋಯಿತು. ಆಚಾರವಂತ ಹಿರಿಯರನ್ನು ಕಾಗೆಯಾಗಿ ತೋರಿಸಿ ಅವಮಾನ ಮಾಡಿದ್ದಾರೆ, ಆ ಪಾತ್ರವನ್ನು ತೆಗೆಯಬೇಕು ಎಂದು. ನನ್ನ ಚಿಕ್ಕಪ್ಪನ ಮಗಳು ಫೋನ್ ಮಾಡಿ, ವಾಟ್ಸಾಪಿನಲ್ಲಿ ಇದೇ ಮಾತು ಓಡಾಡುತ್ತಿದೆ, ಬರೆದವರು ಯಾರೆಂದು ಹುಡುಕುತ್ತಿದ್ದಾರೆ ಎಂದಳು.

ಚಾನೆಲ್ಲಿನವರು ವೀಡಿಯೋ ಕಾಲ್ ಮಾಡಿದರು. ನಮ್ಮ ಧಾರಾವಾಹಿಯನ್ನು ನೋಡಿಕೊಳ್ಳುವವಳು ಒಬ್ಬ ಚಿಕ್ಕ ವಯಸ್ಸಿನ ಹುಡುಗಿ. ಬಹಳ ಮರ್ಯಾದಸ್ಥೆ. ಒಂದು ಸಲವೂ ದನಿ ಏರಿಸಲಿಲ್ಲ.

"ಯಾರಿಗೂ ಬೇಜಾರಾಗಬಾರದು ಮ್ಯಾಮ್, ಅಷ್ಟೇ. ಮಡಿ ಅನ್ನೋದು ಬೇಡ. ಯಾವ ಮರ ಅಂತ ಕೇಳೋದು ಬೇಡವೇ ಬೇಡ."

"ಸರಿ" ಎಂದೆ.

"ಗುಬ್ಬಿ ಹಳ್ಳಿ ಥರ ಮಾತಾಡುತ್ತೆ, ಅದು ಹಳ್ಳಿಯವರನ್ನ ಆಡಿಕೊಂಡ ಹಾಗಾಗುತ್ತೆ. ನಾರ್ಮಲ್ ಕನ್ನಡ ಇರಲಿ. ಕತ್ತೆ ಕಾರ್ಪೊರೇಟರ್ ಅಂತ ಬೇಡ, ಮುಖಂಡರು ಅನ್ನಿ. ಮತ್ತೆ, ಕಾಗೆ ಕಪ್ಪಗೆ ಇರಲೇಬೇಕಾ?"

ನಿರ್ದೇಶಕರು ವಿಭೂತಿ ಉಜ್ಜಿಕೊಂಡು ಕೇಳಿದರು, "ಬೇರೆ ಯಾವ ಬಣ್ಣದಲ್ಲಿ ಸಿಗ್ತವೆ ಮೇಡಂ ಕಾಗೆಗಳು?"

ಅವಳು ನಗದಿರಲು ಬಹಳ ಕಷ್ಟಪಟ್ಟದ್ದು ನನಗೆ ಕಾಣಿಸಿತು. ಕೊನೆಗೆ, ಸಂಘದವರಿಗೆ ಸಮಾಧಾನವಾಗದೆ ಇದ್ದರೆ ಕಾಗಜ್ಜಿಯನ್ನು ನಿಲ್ಲಿಸಬೇಕಾಗುತ್ತದೆ, ಇದು ತನ್ನ ಮೇಲಿನವರ ಮಾತು ಎಂದಳು.

ಅವಳು ಹೇಳಿದ್ದರಲ್ಲಿ ಎಲ್ಲವೂ ತಪ್ಪು ಎಂದು ನನಗೆ ಅನ್ನಿಸಲಿಲ್ಲ. ಅದೇ ಕಷ್ಟವಾಗಿದ್ದು. ಯಾವುದು ಸರಿ, ಯಾವುದು ಬರೀ ಹೆದರಿಕೆ ಎಂದು ಬೇರೆ ಮಾಡಲು ನನಗೆ ಆಗುತ್ತಿರಲಿಲ್ಲ. ಹಾಗಾಗಿ ಹೇಳಿದ್ದನ್ನೆಲ್ಲ ಹಾಗೆಯೇ ಪಾಲಿಸಿ ಮುಂದಿನ ಕಂತನ್ನು ಬರೆದೆ. ಮರುದಿನ ಸ್ಟುಡಿಯೋದಲ್ಲಿ ದನಿ ಕಲಾವಿದರು ಅದನ್ನು ಓದಿದರು. ಗುಬ್ಬಿ ಬಂದು, "ನಮಸ್ಕಾರ ಅಜ್ಜಿ, ಚೆನ್ನಾಗಿದ್ದೀರಾ?" ಎಂದಿತು. ಕಾಗಜ್ಜಿ, "ಚೆನ್ನಾಗಿದ್ದೇನಪ್ಪ, ನೀರು ಕುಡಿ" ಎಂದಳು. ಮುಖಂಡರಾದ ಕತ್ತೆ ಬಂದು ಇಬ್ಬರಿಗೂ ಶುಭ ಕೋರಿತು. ಓದು ಮುಗಿಯಿತು. ಕೆಳಗೆ ಟೈರಿಗೆ ಗಾಳಿ ತುಂಬುವ ಸದ್ದು ಮಾತ್ರ ಕೇಳುತ್ತಿತ್ತು.

"ಏನ್ರೀ ಇದು" ಎಂದರು ನಿರ್ದೇಶಕರು, "ಆರೋಗ್ಯ ಇಲಾಖೆ ಜಾಹೀರಾತು ಥರ ಆಗ್ಬುಟ್ಟಿದೆ."

ಕಲಾವಿದರು ಹಾಳೆ ಮಡಿಸಿಟ್ಟರು. "ನನ್ ಕಾಗೆ ಸತ್ತೋಯ್ತಲ್ಲ ಮೇಡಂ" ಎಂದರು. ತಮಾಷೆಗೆ ಹೇಳಿದರೋ ಏನೋ, ಆದರೆ ಕಣ್ಣು ನನ್ನ ಕಡೆ ಇರಲಿಲ್ಲ. ಮೆಟ್ಟಿಲು ಇಳಿಯುವಾಗ ಮೆಲ್ಲಗೆ ಕೇಳಿದರು, "ಗುಬ್ಬೀನಾದ್ರೂ ಉಳಿಯುತ್ತಾ? ಗುಬ್ಬಿ ನಮ್ಮಂಗೇ ಮಾತಾಡುತ್ತೆ ಅಂತ ನಮ್ ಬೀದಿಯೋರು ಬಂದು ಬಂದು ಏಳ್ತಾರೆ. ಯಾರಿಗೂ ಬೇಜಾರಾಗಿಲ್ಲ."

"ನೋಡೋಣ" ಎಂದೆ. ಮನೆಗೆ ಬಂದು ಅನ್ನಕ್ಕಿಟ್ಟದ್ದನ್ನು ಮರೆತು ತಳ ಹಿಡಿಸಿದೆ. ಅತ್ತೆ ಮೂಗರಳಿಸಿ ನನ್ನನ್ನು ನೋಡಿದರೇ ಹೊರತು ಏನೂ ಕೇಳಲಿಲ್ಲ.

ಸಂಘದವರು ಬಂದದ್ದು ಆ ಶನಿವಾರ ಬೆಳಿಗ್ಗೆ. ಸ್ಟುಡಿಯೋಗೆ ಬರುತ್ತಾರೆಂದು ನಾನು ತಿಳಿದಿದ್ದೆ. ಅವರು ನೇರವಾಗಿ ನಮ್ಮ ಮನೆಗೇ ಬಂದರು. ಇಬ್ಬರು. ಒಬ್ಬರು ಅರವತ್ತು ದಾಟಿದ ಹಿರಿಯರು, ಸಂಘದ ಕಾರ್ಯದರ್ಶಿ. ಇನ್ನೊಬ್ಬರು ಮೂವತ್ತರ ಆಸುಪಾಸಿನವರು, ಕೈಯಲ್ಲಿ ಫೋನು ಹಿಡಿದೇ ಇದ್ದರು. ಯಜಮಾನರು ಬ್ಯಾಂಕಿಗೆ ಹೋಗಿಯಾಗಿತ್ತು. ನಾನು ಒಳಬಾಗಿಲನ್ನು ಹಿಂದಕ್ಕೆಳೆದುಕೊಂಡು ವರಾಂಡದಲ್ಲೇ ಅವರನ್ನು ಕೂರಿಸಿದೆ. ನನಗಿದ್ದ ಭಯ ಅವರದಲ್ಲ. ಮಾತು ಒಳಗೆ ಕೇಳಿಸೀತು ಎಂಬುದು.

"ನೀವು ನಮ್ಮೋರೇ ಆಗಿ ಹೀಗೆ ಬರೀಬಹುದಾ ತಾಯಿ" ಎಂದು ಹಿರಿಯರು ಶುರುಮಾಡಿದ್ದರು ಅಷ್ಟೇ. ಒಳಗಿಂದ ಅತ್ತೆಯ ದನಿ ಬಂತು.

"ಯಾರೇ ಅದು? ಬಂದವರನ್ನ ಹೊರಗೇ ಕೂರಿಸಿದ್ದೀಯಲ್ಲ. ಒಳಗೆ ಕರಿ."

ಬಾಗಿಲು ತೆರೆದು ಅವರೇ ನಿಂತರು. ಆಗತಾನೆ ಸ್ನಾನ ಮುಗಿಸಿ ಮಡಿಯುಟ್ಟಿದ್ದರು, ಕೈಯಲ್ಲಿ ಪೂಜೆಯ ತಂಬಿಗೆ. ಹಿರಿಯರು ನೋಡಿದವರೇ ತಟ್ಟನೆ ಎದ್ದು ನಿಂತರು.

"ಮೇಡಂ, ನೀವಾ? ನಾನು ನಿಮ್ಮ ಸ್ಟೂಡೆಂಟು. ಇದು ನಿಮ್ಮ ಮನೆ ಅಂತ ಗೊತ್ತಿರಲಿಲ್ಲ" ಎಂದು ಕಾಲಿಗೆ ನಮಸ್ಕರಿಸಲು ಬಗ್ಗಿದರು.

ಅತ್ತೆ ಎರಡು ಹೆಜ್ಜೆ ಹಿಂದೆ ಹಾರಿದರು. "ಮುಟ್ಟಬೇಡ, ಮುಟ್ಟಬೇಡ, ಮಡಿಯಲ್ಲಿದ್ದೀನಿ. ಅಲ್ಲಿಂದಲೇ ಮಾಡಪ್ಪ." ಆಮೇಲೆ ಕೇಳಿದರು, "ಲೆಕ್ಕದಲ್ಲಿ ಪಾಸಾಗಿದ್ಯಾ?"

"ಎರಡನೇ ಸಲ, ಮೇಡಂ."

"ಪಾಸಾದ್ಯಲ್ಲ, ಸಾಕು. ಕೂತ್ಕೋ. ಏನು ಬಂದದ್ದು?"

ನಾನು ಬಾಯಿ ತೆರೆಯುವ ಮೊದಲೇ ಹಿರಿಯರು ಹೇಳಿಬಿಟ್ಟರು. ನಿಮ್ಮ ಸೊಸೆ ಟೀವಿಗೆ ಒಂದು ಕಾಗೆಯ ಪಾತ್ರ ಬರೆದಿದ್ದಾರೆ, ಮಡಿ ಮಾಡುವ ಹಿರಿಯರನ್ನು ಗೇಲಿ ಮಾಡಿದ್ದಾರೆ, ಊರಿನವರೆಲ್ಲ ನಗುತ್ತಿದ್ದಾರೆ ಎಂದು. ಸೊಸೆ ಎಂಬ ಪದಕ್ಕೆ ಅವರು ಒತ್ತು ಕೊಡಲಿಲ್ಲ, ಆದರೂ ನನಗೆ ಅದೇ ಕಿವಿಗೆ ಬಡಿಯಿತು.

"ನೋಡದೆ ನಾನು ಏನೂ ಹೇಳೋದಿಲ್ಲ. ಹಾಕು, ನೋಡೋಣ" ಎಂದರು ಅತ್ತೆ, ನನ್ನ ಕಡೆ ತಿರುಗಿ.

ಹಾಲಿನಲ್ಲಿ ಟೀವಿ ಹಾಕಿ ಆ ಕಂತನ್ನು ಹುಡುಕಿದೆ. ಅತ್ತೆ ದೂರದಲ್ಲಿ ಮಣೆ ಹಾಕಿಕೊಂಡು ಕೂತರು. ಅವರಿಬ್ಬರು ಸೋಫಾದಲ್ಲಿ. ನಾನು ಅಡುಗೆಮನೆಯ ಬಾಗಿಲಿಗೆ ಒರಗಿ ನಿಂತೆ. ಟೀವಿಯಲ್ಲಿ ಕಾಗಜ್ಜಿ ಬಂದಳು. ಹುಣಸೆಹಣ್ಣು ಹಿಡಿದು ನಲ್ಲಿಯನ್ನು ಉಜ್ಜಿ, ಅದೇ ನಲ್ಲಿಯ ನೀರಿನಿಂದ ಅದನ್ನು ತೊಳೆದು, ತೊಳೆದ ನೀರು ಕಾಲಿಗೆ ಸಿಡಿಯಿತೆಂದು ಮತ್ತೆ ಸ್ನಾನಕ್ಕೆ ಹೊರಟಳು. ನಾನು ಅತ್ತೆಯ ಮುಖವನ್ನೇ ನೋಡುತ್ತಿದ್ದೆ. ಅದರಲ್ಲಿ ಒಂದು ಗೆರೆಯೂ ಅಲುಗಲಿಲ್ಲ.

ನಕ್ಕಿದ್ದು ಹಿರಿಯರು. ತಡೆದುಕೊಳ್ಳಲು ಹೋಗಿ ಕೆಮ್ಮಿದರು. ಪಕ್ಕದವರು ಅವರನ್ನು ಆಶ್ಚರ್ಯದಿಂದ ನೋಡಿದರು. "ನಮ್ಮಮ್ಮನೂ ಹೀಗೇ" ಎಂದು ಹಿರಿಯರು ಮೆಲ್ಲಗೆ ಹೇಳಿಕೊಂಡರು.

ಕಂತು ಮುಗಿಯಿತು. ಅತ್ತೆ ನಿಧಾನವಾಗಿ ಹೇಳಿದರು, "ಇದು ನಾನು."

ಹಿರಿಯರು ಸೋಫಾದ ತುದಿಗೆ ಸರಿದು ಕೂತರು.

"ಈ ನಲ್ಲಿ, ಈ ಕೋಲು, ಈ ಮಾತು, ಎಲ್ಲ ನಂದೇ. ಕೊಕ್ಕು ಒಂದು ಬಿಟ್ಟು. ಅವಮಾನ ಆಗಿದ್ರೆ ನನಗೆ ಆಗಬೇಕು. ದೂರು ಕೊಡೋದಾದ್ರೆ ನಾನು ಕೊಡಬೇಕು. ನಾನು ಕೊಡಲ್ಲ."

ನಾನು ಒರಗಿದ್ದ ಬಾಗಿಲನ್ನು ಬಿಟ್ಟು ಹಾಲಿಗೆ ಬಂದು ನಿಂತೆ.

ಫೋನು ಹಿಡಿದಿದ್ದವರು ಬಿಡಲಿಲ್ಲ. "ಅದು ನಿಮ್ಮ ದೊಡ್ಡತನ ಅಮ್ಮ. ಆದ್ರೆ ಇವರು ಬೇರೆಯವರ ಆಚಾರವನ್ನ ಹೀಗೆ ತೋರಿಸ್ತಾರಾ? ಅಷ್ಟು ಧೈರ್ಯ ಇದೆಯಾ? ನಾವು ಸುಮ್ಮನಿರ್ತೀವಿ ಅಂತ ತಾನೇ ನಮ್ಮನ್ನ ಹಿಡ್ಕೊಂಡಿರೋದು?"

ಆ ಪ್ರಶ್ನೆ ನನ್ನನ್ನು ಕೇಳಿದ್ದು. ಅತ್ತೆಯೇ ಉತ್ತರ ಕೊಟ್ಟರು.

"ಬೇರೆಯವರ ಅಡುಗೆಮನೆ ಇವಳಿಗೇನು ಗೊತ್ತಪ್ಪ? ನನ್ನ ಅಡುಗೆಮನೆ ಗೊತ್ತು. ಗೊತ್ತಿರೋದನ್ನ ಬರೆದಿದ್ದಾಳೆ. ಗೊತ್ತಿಲ್ಲದ್ದನ್ನ ಬರೆದಿದ್ರೆ ನಾನೇ ಕಿವಿ ಹಿಂಡ್ತಿದ್ದೆ."

ನನಗೆ ಆಗ ಧೈರ್ಯ ಬಂತು. "ಆ ಕೋಣ ಸಾಹುಕಾರ ಅಂದ್ರೆ ನಮ್ಮ ನಿರ್ದೇಶಕರ ತಂದೆಯೇ" ಎಂದೆ. "ಅವರವರ ಮನೆಯವರನ್ನ ಅವರವರೇ ಆಡಿಕೊಂಡಿರೋದು. ಅವರ ತಂದೆ ವಾರ ತಪ್ಪದೆ ನೋಡ್ತಾರೆ."

ಅವರು ತಲೆಯಾಡಿಸಿದರು. ಒಪ್ಪಿದಂತೆಯೂ ಇರಲಿಲ್ಲ, ಜಗಳಕ್ಕೆ ನಿಂತಂತೆಯೂ ಇರಲಿಲ್ಲ. ಫೋನನ್ನು ಮಾತ್ರ ಜೇಬಿಗೆ ಹಾಕಿಕೊಂಡರು.

ಅಷ್ಟಕ್ಕೆ ಮುಗಿಯಿತೆಂದುಕೊಂಡೆ. ಅತ್ತೆಗೆ ಮುಗಿದಿರಲಿಲ್ಲ.

"ನನ್ನದೂ ಒಂದು ತಕರಾರಿದೆ" ಎಂದರು ನನ್ನನ್ನು ನೋಡಿ. "ಗುಬ್ಬಿ ಯಾಕೆ ಬೀಳಬೇಕು?"

"ಅಂದ್ರೆ, ಅತ್ತೆ?"

"ನೀರು ಹುಯ್ದವಳು ಕಾಗೆ. ಯಾವ ಮರದವನು ಅಂತ ಕೇಳಿದವಳು ಕಾಗೆ. ಚರಂಡಿಗೆ ಬಿದ್ದದ್ದು ಗುಬ್ಬಿ. ಅದನ್ನ ನೋಡಿ ಎಲ್ಲರೂ ನಗ್ತಾರೆ. ಇದು ಯಾವ ಲೆಕ್ಕ?"

ನಾನು ಏನೋ ಹೇಳಲು ಹೊರಟೆ. ಹಾಸ್ಯದಲ್ಲಿ ಯಾರಾದರೂ ಬೀಳಲೇಬೇಕು ಎಂಬಂಥದ್ದು. ಅವರು ಕೈ ಎತ್ತಿ ತಡೆದರು.

"ನಾನು ಚಿಕ್ಕವಳಿದ್ದಾಗ ಮೊಸರು ಮಾರೋಳು ಬರ್ತಿದ್ಲು. ಕುಡಿಯೋಕೆ ನೀರು ಕೇಳೋಳು. ನಮ್ಮಮ್ಮ ಮೇಲಿಂದ ಅವಳ ಬೊಗಸೆಗೆ ಹುಯ್ಯೋರು. ಅರ್ಧ ನೀರು ಅವಳ ಸೆರಗಿನ ಮೇಲೆ ಹೋಗೋದು. ನಾವು ಮಕ್ಕಳು ಅದನ್ನ ನೋಡಿ ನಗ್ತಿದ್ವಿ. ಅವಳು ನಗ್ತಿರಲಿಲ್ಲ. ಸೆರಗು ಹಿಂಡ್ಕೊಂಡು ಹೋಗೋಳು." ಕೈಯಲ್ಲಿದ್ದ ತಂಬಿಗೆಯನ್ನು ಪಕ್ಕಕ್ಕಿಟ್ಟು ಹೇಳಿದರು, "ನನ್ನನ್ನ ಎಷ್ಟು ಬೇಕಾದ್ರೂ ಆಡ್ಕೋ. ಅವಳನ್ನ ಬೀಳಿಸಬೇಡ."

ಹಿರಿಯರು ತಲೆತಗ್ಗಿಸಿ ಕೂತಿದ್ದರು. ನಾನು ವೀಡಿಯೋ ಕಾಲಿನ ಹುಡುಗಿಯನ್ನು ನೆನೆದುಕೊಂಡೆ. ಅವಳ ಪಟ್ಟಿಯಲ್ಲಿ ಅಷ್ಟೆಲ್ಲ ಇತ್ತು. ಮಡಿ ಬೇಡ, ಮರ ಬೇಡ, ಭಾಷೆ ಬೇಡ, ಬಣ್ಣ ಬೇಡ. ಗುಬ್ಬಿ ಬೀಳುವುದು ಬೇಡ ಎಂದು ಅವಳೂ ಹೇಳಲಿಲ್ಲ, ದೂರಿನವರೂ ಹೇಳಲಿಲ್ಲ, ನನಗೂ ಹೊಳೆಯಲಿಲ್ಲ. ಇಷ್ಟು ದಿನ ಬೇರೆ ಮಾಡಲಾಗದೆ ಒದ್ದಾಡಿದ್ದು ಈಗ ಬೇರೆಯಾಗಿ ಕಂಡಿತು. ಯಾವ ಪದ ಬಳಸಿದೆ ಎಂಬುದು ಅಷ್ಟು ದೊಡ್ಡ ಮಾತಲ್ಲ. ನಗು ಯಾರ ತಲೆಯ ಮೇಲೆ ಹೋಗಿ ಬೀಳುತ್ತದೆ ಎಂಬುದನ್ನು ನೋಡಬೇಕು. ಹೇಳಲು ಸುಲಭ, ಬರೆಯುವಾಗ ಈಗಲೂ ಪ್ರತಿ ಸಲ ಗೊತ್ತಾಗುವುದಿಲ್ಲ.

ಕಾಫಿ ಮಾಡಿ ಕೊಟ್ಟೆ. ಹಿರಿಯರು ಕುಡಿದು, ನಮ್ಮ ಹಾಲಿನಲ್ಲೇ ಕೂತು ಸಂಘದ ಅಧ್ಯಕ್ಷರಿಗೆ ಫೋನ್ ಮಾಡಿದರು. "ಆ ಪಾತ್ರ ಯಾರದ್ದೋ ಅವರೇ ನೋಡಿದಾರೆ. ಅವರಿಗೇನೂ ಬೇಜಾರಿಲ್ಲ. ಯಾರು ಅಂದ್ರೆ, ನನಗೆ ಲೆಕ್ಕ ಹೇಳಿಕೊಟ್ಟ ಮೇಡಂ... ಹೌದು, ಅವರೇ... ಇಲ್ಲ ಸಾರ್, ಅವರ ಎದುರಿಗೆ ನಾನು ವಾದ ಮಾಡಲಾರೆ, ನೀವು ಬೇಕಾದ್ರೆ ಬನ್ನಿ." ಆ ಕಡೆಯವರು ಬರುತ್ತೇನೆ ಅನ್ನಲಿಲ್ಲವೆಂದು ತೋರುತ್ತದೆ. ಸೋಮವಾರ ಚಾನೆಲ್ಲಿಗೆ ತಿಳಿಸುವುದಾಗಿ ಹೇಳಿ ಇಬ್ಬರೂ ಎದ್ದರು. ಹಿರಿಯರು ಈ ಸಲ ದೂರದಿಂದಲೇ ನಮಸ್ಕಾರ ಮಾಡಿದರು.

ಅವರು ಹೋದ ಮೇಲೆ ನಾನು ಹಿತ್ತಲಿಗೆ ಹೋಗಿ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂತುಬಿಟ್ಟೆ. ಅಳು ಬರುತ್ತಿತ್ತೋ ನಗು ಬರುತ್ತಿತ್ತೋ ತಿಳಿಯದು. ಅತ್ತೆ ದಾಸವಾಳ ಕೀಳಲು ಬಂದರು.

"ಬೇಜಾರಾಯ್ತಾ ಅತ್ತೆ?" ಎಂದು ಕೇಳಿದೆ. ಕೇಳಲು ಅಷ್ಟು ಹೊತ್ತು ಬೇಕಾಯಿತು.

"ಮೊದಲನೇ ವಾರ ಆಗಿತ್ತು."

ನನಗೆ ಅರ್ಥವಾಗಲಿಲ್ಲ. ಅವರು ಹೂವಿನ ತೊಟ್ಟು ಮುರಿಯುತ್ತಲೇ ಹೇಳಿದರು, "ಮಧ್ಯಾಹ್ನ ಮತ್ತೆ ಹಾಕ್ತಾರಲ್ಲ. ನೀನು ಬನ್ನಿಮಂಟಪಕ್ಕೆ ಹೋಗಿರ್ತೀಯ. ಶುರುವಿನಿಂದ ನೋಡ್ತಾ ಇದ್ದೀನಿ."

"ಮತ್ತೆ ಯಾಕೆ ಹೇಳಲಿಲ್ಲ?"

"ಹೇಳಿದ್ರೆ ನೀನು ಹೆದರಿಕೊಂಡು ಅವಳನ್ನ ಒಳ್ಳೆಯವಳನ್ನಾಗಿ ಮಾಡಿಬಿಡ್ತಿದ್ದೆ. ಆಮೇಲೆ ಯಾರು ನೋಡ್ತಾರೆ?"

ಆ ಮಧ್ಯಾಹ್ನ ನಾನು ಊಟ ಮಾಡಿ ಮಲಗಿದವಳು ಸಂಜೆ ಯಜಮಾನರು ಬಂದು ಎಬ್ಬಿಸುವವರೆಗೆ ಏಳಲಿಲ್ಲ. ಅಂಥ ನಿದ್ದೆ ಬಂದು ವಾರಗಳಾಗಿದ್ದವು.

ಸೋಮವಾರ ಚಾನೆಲ್ಲಿನ ಹುಡುಗಿ ಮತ್ತೆ ವೀಡಿಯೋದಲ್ಲಿ ಬಂದಳು. ದೂರು ಹಿಂದಕ್ಕೆ ಹೋಗಿದೆ ಎಂದು ಹೇಳುವಾಗ ಅವಳ ಮುಖವೂ ಹಗುರವಾಗಿತ್ತು. "ನಿಜ ಹೇಳ್ಲಾ ಮ್ಯಾಮ್, ನಮ್ಮಜ್ಜಿಯೂ ಇದೇ ಥರ. ನಂಗೆ ಕಾಗಜ್ಜಿಯನ್ನ ತೆಗೆಯೋದು ಇಷ್ಟ ಇರಲಿಲ್ಲ" ಎಂದಳು. ಆ ಕಂತಿನ ಕೊನೆಯನ್ನು ಬದಲಾಯಿಸಿ ಮತ್ತೆ ಪ್ರಸಾರ ಮಾಡೋಣವೆಂದು ನಾನೇ ಕೇಳಿದೆ. ಗುಬ್ಬಿ ಬೀಳುವುದಿಲ್ಲ, ಕಾಗೆ ಬೀಳುತ್ತಾಳೆ ಎಂದೆ. ಅವಳು ಬರೆದುಕೊಂಡು, ಪೆನ್ನು ಕಚ್ಚಿ, "ಕಾಗೆಗೆ ಪೆಟ್ಟಾಗೋದು ಬೇಡ ಮ್ಯಾಮ್. ಬರೀ ಒದ್ದೆಯಾದ್ರೆ ಸಾಕು" ಎಂದಳು. ಗುಬ್ಬಿಯ ಭಾಷೆಯ ಬಗ್ಗೆ ನಿರ್ದೇಶಕರು ಹೇಳಿದರು, "ಅದನ್ನ ಆಡೋರು ಆ ಊರಿನೋರೇ ಮೇಡಂ. ಅವರ ಮಾತನ್ನ ಅವರ ಬಾಯಿಂದಲೇ ಕಿತ್ಕೊಂಡುಬುಟ್ರೆ ಅದ್ಯಾವ ಮರ್ಯಾದೆ?" ಅವಳು ಸ್ವಲ್ಪ ಯೋಚಿಸಿ ಒಪ್ಪಿದಳು. ಕತ್ತೆ ಮಾತ್ರ ಮುಖಂಡರಾಗಿಯೇ ಉಳಿದರು. ಚುನಾವಣೆ ಹತ್ತಿರವಿತ್ತು. ಎಲ್ಲದರಲ್ಲೂ ಗೆಲ್ಲಲಾಗುವುದಿಲ್ಲ.

ಹೊಸ ಕೊನೆಯನ್ನು ಹೀಗೆ ಬರೆದೆ. ಕಾಗಜ್ಜಿ ನೀರು ಹುಯ್ಯಲು ಬಗ್ಗುತ್ತಾಳೆ, ಗುಬ್ಬಿ ಪಕ್ಕಕ್ಕೆ ಸರಿಯುತ್ತದೆ, ಚೊಂಬಿನ ಭಾರಕ್ಕೆ ಕಾಗಜ್ಜಿಯೇ ಕೊಂಬೆಯಿಂದ ಜಾರಿ ಚರಂಡಿಗೆ ಬೀಳುತ್ತಾಳೆ. ಗುಬ್ಬಿ ರೆಕ್ಕೆ ಚಾಚುತ್ತದೆ. ಮುಟ್ಟಬೇಡ ಎಂದು ಅವಳು ಕಿರುಚುತ್ತಾಳೆ. ಅಲ್ಲಿಂದ ಮುಂದಕ್ಕೆ ಗುಬ್ಬಿ ಏನು ಹೇಳಬೇಕೆಂದು ನನಗೆ ತೋಚಿರಲಿಲ್ಲ. ಒಂದು ಪೇಲವ ಮಾತು ಬರೆದಿಟ್ಟಿದ್ದೆ.

ರೆಕಾರ್ಡಿಂಗಿನ ದಿನ ಕಲಾವಿದರು ಬೇಗ ಬಂದಿದ್ದರು. "ಎಂಗಾಯ್ತು ಮೇಡಂ ಇದು?" ಎಂದು ಕೇಳಿದರು. ನಾನು ಅತ್ತೆಯ ಕಥೆಯನ್ನೆಲ್ಲ ಹೇಳಿದೆ. ಮೊಸರಿನವಳ ಮಾತು ಬಂದಾಗ ಅವರು ಗೋಡೆಯನ್ನು ನೋಡುತ್ತಾ ಕೇಳಿಸಿಕೊಂಡರು. ಆಮೇಲೆ ಒಂದು ಲೋಟ ಬಿಸಿನೀರು ಕುಡಿದು ಮೈಕಿನ ಮುಂದೆ ಹೋದರು.

ಕಾಗಜ್ಜಿ ಬಿದ್ದಳು. ಮುಟ್ಟಬೇಡ ಎಂದಳು. ಅದೇ ಗಂಟಲಿನಿಂದ ಗುಬ್ಬಿ, ನಾನು ಬರೆದದ್ದನ್ನು ಬಿಟ್ಟು, ತನ್ನದೇ ಮಾತು ಹೇಳಿತು: "ಮುಟ್ಟಾಕಿಲ್ಲ ಬುಡಿ ಅಜ್ಜಿ. ರೆಕ್ಕೆ ಅವಲ್ಲ, ಆರಿ ಬನ್ನಿ."

ಹಾರಿ ಬನ್ನಿ ಎಂಬುದು ಹಿನಕಲ್ಲಿನ ಬಾಯಲ್ಲಿ ಆರಿ ಬನ್ನಿ. ಕಲಾವಿದರು ಒಂದು ಗಳಿಗೆ ತಡೆದು, ಕಾಗಜ್ಜಿಯ ದನಿಗೆ ಹೊರಳಿ, ಬಹಳ ಗಂಭೀರವಾಗಿ ಉತ್ತರಿಸಿದರು. "ಹೌದಪ್ಪ, ಒದ್ದೆಯಾಗಿದ್ದೀನಲ್ಲ. ಆರದೆ ಹೇಗೆ ಬರಲಿ? ನೀನು ಹೋಗು, ನಾನು ಇಲ್ಲೇ ಬಿಸಿಲಲ್ಲಿ ಒಣಗ್ತೀನಿ."

ನಿರ್ದೇಶಕರು ಹೆಡ್‌ಫೋನ್ ಕಿತ್ತು ಮೇಜಿನ ಮೇಲೆ ತಲೆಯಿಟ್ಟು ನಕ್ಕರು. ನನಗೂ ಕಣ್ಣಲ್ಲಿ ನೀರು ಬಂತು. ಚರಂಡಿಯ ದಂಡೆಯ ಮೇಲೆ ರೆಕ್ಕೆ ಬಿಚ್ಚಿಕೊಂಡು, ಮಡಿ ಒಣಗಲೆಂದು ಕಾಯುತ್ತ ಕೂತ ಕಾಗಜ್ಜಿ, ಅವಳಿಗೆ ನೆರಳಾಗದಂತೆ ಬದಿಗೆ ಸರಿದು ಸಹಿ ಹಾಕಿಸಿಕೊಳ್ಳಲು ನಿಂತ ಗುಬ್ಬಿ. ಕಂತು ಅಲ್ಲಿಗೆ ಮುಗಿಯಿತು. ಹೊರಗೆ ಬಂದು ಮೂವರೂ ಪಕ್ಕದ ಹೋಟೆಲಿನಲ್ಲಿ ಸೆಟ್ ದೋಸೆ ತಿಂದೆವು. ಕೆಲಸದ ಮಾತು ಯಾರೂ ಎತ್ತಲಿಲ್ಲ. ಕಲಾವಿದರು ಮಗಳನ್ನು ಭರತನಾಟ್ಯಕ್ಕೆ ಸೇರಿಸಿದ್ದನ್ನು ಹೇಳಿದರು, ನಿರ್ದೇಶಕರು ಚಟ್ನಿಯನ್ನು ಹೊಗಳಿದರು.

ಅದು ಪ್ರಸಾರವಾದ ಸಂಜೆ ನಾನು ಬಾಗಿಲು ಮುಚ್ಚಲಿಲ್ಲ, ದನಿ ತಗ್ಗಿಸಲಿಲ್ಲ. ಅತ್ತೆ ಸ್ತೋತ್ರವನ್ನು ಬೇಗ ಮುಗಿಸಿ ಬಂದು ತಮ್ಮ ಮಣೆಯ ಮೇಲೆ ಕೂತರು. ಕಾಗಜ್ಜಿ ಬಿದ್ದಾಗ ಸೆರಗನ್ನು ಬಾಯಿಗೆ ಒತ್ತಿಕೊಂಡು ನಕ್ಕರು. ಅವರ ಭುಜ ಬಹಳ ಹೊತ್ತು ಕುಲುಕುತ್ತಿತ್ತು. ಯಜಮಾನರು ನಗು ನಿಲ್ಲಿಸಲಾಗದೆ ಎದ್ದು ಹೋಗಿ ನೀರು ಕುಡಿದು ಬಂದರು.

ಮುಗಿದ ಸ್ವಲ್ಪ ಹೊತ್ತಿಗೆ ಸಂಘದ ಆ ಹಿರಿಯ ಕಾರ್ಯದರ್ಶಿಗಳ ಫೋನ್ ಬಂತು. ಅವರ ಮನೆಯಲ್ಲಿ ಎಲ್ಲರೂ ಕೂತು ನೋಡಿದರಂತೆ. ಅವರ ತಾಯಿಗೂ ತೋರಿಸಿದರಂತೆ. ನೋಡಿ ತಾಯಿ, "ಇದು ನಿನ್ನ ದೊಡ್ಡಮ್ಮನೇ ಕಣೋ, ಯಾರು ಬರೆದರೋ, ಥೇಟು ಅವಳೇ" ಎಂದು ಹೇಳಿ ಇನ್ನೂ ನಗುತ್ತಿದ್ದಾರಂತೆ. ನಾನು ಫೋನಿಟ್ಟು ಅದನ್ನು ಅತ್ತೆಗೆ ಹೇಳಿದೆ.

ಅತ್ತೆಯ ನಗು ನಿಂತಿತು. "ಅದ್ಯಾವ ದೊಡ್ಡಮ್ಮ?" ಎಂದರು. "ನಾನು ಅಂತ ಅವನು ಹೇಳಲಿಲ್ವಂತಾ?"

"ಹೇಳಿದರಂತೆ ಅತ್ತೆ. ಅವರ ತಾಯಿ ನಂಬಲಿಲ್ಲವಂತೆ."

ಅತ್ತೆ ಮಣೆಯನ್ನು ಗೋಡೆಗೆ ಒರಗಿಸಿಟ್ಟರು. "ಎರಡನೇ ಸಲ ಪಾಸಾದವನು ಅವನು. ಅವನಿಗೆ ಸರಿಯಾಗಿ ಹೇಳೋಕೆ ಎಲ್ಲಿ ಬರತ್ತೆ" ಎಂದು ಗೊಣಗುತ್ತಾ, ಕಾಫಿಗೆ ಹಾಲಿಡಲು ಒಳಗೆ ಹೋದರು.